ಓಬಳಯ್ಯನ ದಬ್ಬಳ ಮತ್ತು ಸೊನ್ನೆಗೆ ನಿಂತ ಮುಳ್ಳು

"ಮೆಟ್ಟು ಹೊಲಿಯೋ ದಬ್ಬಳ ಹಿಡ್ಕೊಂಡು ಡೋಜರ್ ನೋಡೋಕೆ ಬಂದಿದೀಯೇನೋ? ಇಳಿಯೋ ಕೆಳಗೆ! ಪೂಜೆ ಆಗಿರೋ ಗಾಡಿ ಅದು!"

ಇನ್ನೂ ಬಿಸಿಲೇರಿಲ್ಲ. ಹೊಳವನಹಳ್ಳಿಯ ಆಚೆ ಕೆರೆ ಏರಿ ಕಟ್ಟುವ ಜಾಗದಲ್ಲಿ ನಲವತ್ತು ಜನ ಕೂಲಿಯವರು ಗುದ್ದಲಿ, ಮಂಕರಿ ಹಿಡಿದು ನಿಂತಿದ್ದಾರೆ. ಅವರೆಲ್ಲರ ಎದುರಿಗೆ ಈ ಮಾತು ಎಸೆದವರು ಕಂಟ್ರಾಕ್ಟರ್ ಕಡೆಯ ಫೋರ್‌ಮನ್ ಬಸವಲಿಂಗಯ್ಯ. ಮಾತು ಬಿದ್ದದ್ದು ಬುಲ್ಡೋಜರಿನ ಮೇಲೆ ಕುಕ್ಕರಗಾಲಲ್ಲಿ ಕೂತಿರುವ ಓಬಳಯ್ಯನವರ ಮೇಲೆ. ಅವರು ಇಳಿಯುವುದಿಲ್ಲ. "ಒಂದರ್ಧ ಗಂಟೆ ಸುಮ್ಕಿರಿ ಸಾಮಿ. ಆಮೇಲ್ ಬೈಯೀರಂತೆ, ಇಲ್ಲೇ ಇರ್ತೀನಿ" ಎನ್ನುತ್ತಾರೆ.

ಅವರನ್ನು ಕರೆಸಿದ್ದು ಫೋರ್‌ಮನ್ ಅಲ್ಲ, ಡ್ರೈವರ್ ಕ್ಯಾತಪ್ಪ. ಆಯುಧಪೂಜೆಯ ಮಾರನೇ ದಿನ ಗಾಡಿ ಚಾಲೂ ಮಾಡಿದರೆ ಇಂಜಿನ್ ಆಯಿಲ್ ಒತ್ತಡ ತೋರಿಸುವ ಮೀಟರಿನ ಮುಳ್ಳು ಸೊನ್ನೆ ಬಿಟ್ಟು ಏಳಲೇ ಇಲ್ಲ. ಡ್ರೈವರ್ ಆಯಿಲ್ ನೋಡದೆ ಓಡಿಸಿ ಇಂಜಿನ್ ಸುಟ್ಟಿದ್ದಾನೆಂದು ಫೋರ್‌ಮನ್ ತೀರ್ಮಾನ ಕೊಟ್ಟಾಯಿತು. ಮಧ್ಯಾಹ್ನ ಲಾರಿ ಬರುತ್ತದೆ. ಇಂಜಿನ್ ಬೆಂಗಳೂರಿಗೆ, ಕ್ಯಾತಪ್ಪ ಮನೆಗೆ. ಶಿರಾ ಕಡೆಯ ಹಟ್ಟಿಯಲ್ಲಿ ಕುರಿ ಬಿಟ್ಟು ಬಂದು, ಆರು ವರ್ಷ ಕ್ಲೀನರಾಗಿ ಗ್ರೀಸು ಮೆತ್ತಿಕೊಂಡು, ಹೋದ ಯುಗಾದಿಗೆ ಡ್ರೈವರ್ ಸೀಟಿನಲ್ಲಿ ಕೂತವನು. ಇಂಜಿನ್ ಸುಟ್ಟವನೆಂಬ ಹೆಸರು ಬಂದರೆ ಮತ್ತೆ ಯಾರೂ ಆ ಸೀಟಿಗೆ ಹತ್ತಿಸುವುದಿಲ್ಲ.

ಓಬಳಯ್ಯ ಪಾವಗಡ ತಾಲ್ಲೂಕು ಬಲಸಮುದ್ರದವರು. ಅವರಪ್ಪ, ಎತ್ತು ಕಟ್ಟಿ ಬಾವಿಯಿಂದ ನೀರೆತ್ತುವ ಕಪಿಲೆಯ ಚರ್ಮದ ಚೀಲ ಹೊಲಿಯುತ್ತಿದ್ದವರು. ಸುತ್ತಲ ಬಾವಿಗಳಿಗೆಲ್ಲ ಅವರ ಕೈಯ ಹೊಲಿಗೆಯೇ. ಎಪ್ಪತ್ತೊಂದರಲ್ಲಿ ಕರೆಂಟು ಬಂತು, ಬಾವಿಗೆ ಪಂಪ್‌ಸೆಟ್ ಇಳಿಯಿತು, ಕಪಿಲೆ ಮೂಲೆ ಸೇರಿತು. "ನಮ್ಮಪ್ಪನ ಕೆಲ್ಸ ತಿಂದಿದ್ದು ಕರೆಂಟಪ್ಪಾ. ಸರಿ, ಆ ಕರೆಂಟ್ನೇ ಕಲ್ತು ಬುಡಾನ ಅಂತ ಹೊಂಟೆ" ಎಂದು ಓಬಳಯ್ಯ ನಗುತ್ತಾರೆ. ಶಿರಾದಲ್ಲಿ ಮೋಟಾರಿಗೆ ತಂತಿ ಸುತ್ತುವ ಮಿಸ್ತ್ರಿ ಬುಡನ್ ಸಾಬರ ಅಂಗಡಿಗೆ ಸೇರಿದರು. ಸಾಬರು ದಿನಾ ಗದರುತ್ತಿದ್ದದ್ದು ಒಂದೇ: "ಪಹಲೇ ಪೂಛ್ ರೇ!" ಮೊದಲು ಕೇಳು, ಬಿಚ್ಚುವುದು ಆಮೇಲೆ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ಈ ನಾಲ್ಕು ತಾಲ್ಲೂಕಿನಲ್ಲಿ ರಸ್ತೆ, ಕೆರೆ ಕೆಲಸಕ್ಕೆ ಬಂದ ಮೂವತ್ತೊಂದು ದೊಡ್ಡ ಗಾಡಿಗಳ ವೈರಿಂಗು ಓಬಳಯ್ಯನವರಿಗೆ ಬಾಯಿಪಾಠ. ಗಾಡಿ ಕೆಟ್ಟಿದೆ ಬನ್ನಿ ಎಂದು ವಾರಕ್ಕೆ ನಾಲ್ಕು ಚೀಟಿ ಬರುತ್ತವೆ, ಬಸ್ ಕಂಡಕ್ಟರುಗಳ ಜೇಬಿನಲ್ಲಿ. ಈಗ ಮನೆ ಮಾಡಿರುವ ಮಧುಗಿರಿಯಿಂದ ಮೊದಲ ಬಸ್ಸು, ಇಳಿದಲ್ಲಿಂದ ನಡಿಗೆ. ಚೀಲದಲ್ಲಿರುವುದು ಇಪ್ಪತ್ನಾಲ್ಕು ವೋಲ್ಟಿನ ಒಂದು ಬಲ್ಬು, ಅದಕ್ಕೆ ಎರಡು ವೈರು. ಒಂದರ ತುದಿಗೆ ಕ್ಲಿಪ್ಪು, ಇನ್ನೊಂದರ ತುದಿಗೆ ಅಪ್ಪನ ದಬ್ಬಳ. ವೈರಿನ ಮೇಲಿನ ರಬ್ಬರಿಗೆ ಚುಚ್ಚಿದರೆ ಒಳಗಿನ ತಾಮ್ರ ಮುಟ್ಟುತ್ತದೆ, ತೆಗೆದರೆ ತೂತು ಮುಚ್ಚಿಕೊಳ್ಳುತ್ತದೆ. ಸಾವಿರ ರೂಪಾಯಿಯ ಮೀಟರುಗಳಿಗೆ ಇಷ್ಟು ನಯವಿಲ್ಲ. ಕೆರೆ ಏರಿಗೆ ಗುದ್ದಲಿಪೂಜೆ ಮಾಡಿದವರ ಫೋಟೊ ಪೇಪರಿನಲ್ಲಿ ಬರುತ್ತದೆ, ಪೂಜಾರಿಯ ಫೋಟೊ ಬರುತ್ತದೆ, ಹಾರ ತಂದವನ ಭುಜ ಕೂಡ ಬರುತ್ತದೆ. ನಿಂತುಹೋದ ಗಾಡಿಯನ್ನು ಹೊರಡಿಸಿದವನ ಬೆನ್ನು ಕೂಡ ಬರುವುದಿಲ್ಲ. ಯಾಕೆ ಬರಬಾರದು?

ಓಬಳಯ್ಯ ಮೊದಲು ಆಯಿಲ್ ಪೈಪು ಸಡಿಲಿಸಿ, ಸ್ಟಾರ್ಟರ್ ತಿರುಗಿಸಲು ಹೇಳುತ್ತಾರೆ. ಎಣ್ಣೆ ಚಿಮ್ಮಿ ಅವರ ಎದೆಗೇ ಹಾರುತ್ತದೆ. "ಒತ್ತಡ ಜೋರಾಗೈತೆ. ಇಂಜಿನ್ನಿಗೇನೂ ಆಗಿಲ್ಲ. ಮುಳ್ಳು ಸುಳ್ಳು ಹೇಳ್ತಾ ಐತೆ" ಎಂದು ಪೈಪು ಬಿಗಿದು ಕೂಲಿಯವರ ಕಡೆ ತಿರುಗುತ್ತಾರೆ. "ಹಬ್ಬದ ದಿನ ಈ ಗಾಡೀನ ಯಾರ್ ಯಾರ್ ಮುಟ್ಟಿದ್ರಿ?"

ನೀರು ಹೊರುವ ಚಿಕ್ಕಹನುಮಕ್ಕ ಮಾತ್ರ ಮುಂದೆ ಬರುತ್ತಾರೆ.

"ನಾನೇ ಕಣಪ್ಪ ಬಣ್ಣ ಬಳ್ದೋಳು. ಫೋರ್‌ಮನ್ನಪ್ಪಾರು ಒಂದೊಂದೇ ಬಿಚ್ಚಿಸಿ ಕೊಟ್ರು. ಅಗೋ, ಆ ಅಂಗೈಯಗಲ ತಗಡು, ಅದ್ಕೆ ಎರಡು ಮಗ್ಗುಲೂ ಎರಡೆರಡು ಸಲ ಬಳ್ದಿವ್ನಿ. ಎಂಗ್ ಮಿಂಚ್ತದೆ ನೋಡು!"

"ನೀನ್ ಚೆಂದಾಗ್ ಬಳ್ದಿದ್ದೇ ಕಷ್ಟ ಆಗಿರೋದು ಕಣಕ್ಕ."

ಆ ತಗಡಿನ ಮೇಲೆಯೇ ಆಯಿಲ್ ಒತ್ತಡವನ್ನು ಮೀಟರಿಗೆ ತಿಳಿಸುವ ಯೂನಿಟ್ ಕೂತಿದೆ. ಯೂನಿಟ್ಟಿಗೆ ಬಂದ ಕರೆಂಟು ತಗಡಿನಿಂದ ಗಾಡಿಯ ಮೈಗೆ ಇಳಿದರೆ ಮಾತ್ರ ಮುಳ್ಳು ಏಳುತ್ತದೆ. ನಡುವೆ ಬಣ್ಣ ಬಂದರೆ ದಾರಿ ಕಟ್ಟಾಯಿತು. ಓಬಳಯ್ಯ ಕ್ಲಿಪ್ಪನ್ನು ಬ್ಯಾಟರಿಗೆ ಹಾಕಿ ದಬ್ಬಳವನ್ನು ಗಾಡಿಯ ಮೈಗೆ ಚುಚ್ಚುತ್ತಾರೆ. ಬಲ್ಬು ಉರಿಯುತ್ತದೆ. ಬಣ್ಣ ತೂತಾಗುವಂತೆ ತಗಡಿಗೆ ಚುಚ್ಚುತ್ತಾರೆ. ಕತ್ತಲೆ. ಗೇಣುದ್ದ ವೈರು ತೆಗೆದು ತಗಡಿಗೂ ಮೈಗೂ ಹಿಡಿದು "ಚಾಲೂ ಮಾಡಪ್ಪಾ" ಎನ್ನುತ್ತಾರೆ. ಇಂಜಿನ್ ಗುಡುಗುತ್ತದೆ, ಮುಳ್ಳು ಎದ್ದು ನಿಲ್ಲುತ್ತದೆ. ಕೂಲಿಯವರು ಹೋ ಎನ್ನುತ್ತಾರೆ.

ಇಷ್ಟಾದ ಮೇಲೆ ಬೇರೆಯವರಾಗಿದ್ದರೆ ಬಣ್ಣ ಕೆರೆದು, ಬೋಲ್ಟು ಬಿಗಿದು, ಹೋಗುತ್ತಿದ್ದರು. ಓಬಳಯ್ಯ ಇಂಜಿನ್ ನಿಲ್ಲಿಸಲು ಹೇಳಿ, ತಗಡನ್ನೇ ಬಿಚ್ಚಿ ಕೈಯಲ್ಲಿಟ್ಟುಕೊಂಡು ಕೂರುತ್ತಾರೆ.

"ಮೊದ್ಲು ಗಾಡಿ ಬುಕ್ಕಲ್ಲಿ ಬರೀರಿ ಸಾಮಿ. ಆಮೇಲ್ ಹಾಕ್ತೀನಿ."

"ನನಗೆ ಬರಿ ಅನ್ನೋಕೆ ಯಾವನೋ ನೀನು?"

"ನಾನ್ ಯಾವನಾದ್ರೂ ಆಗ್ಲಿ ಬುಡಿ. ಬರೀದಿದ್ರೆ ಲಾರಿ ಬರ್ಲಿ, ಬೆಂಗ್ಳೂರಲ್ಲಿ ಬಿಚ್ಚಿ ನೋಡ್ಲಿ. ಒಳಗೆ ಏನೂ ಕೆಟ್ಟಿಲ್ಲ ಅಂತ ನಿಮ್ಮೋರೇ ಹೇಳ್ತಾರೆ. ಆವಾಗ ಬಣ್ಣ ಯಾರ್ ಬಳಿಸಿದ್ದು ಅಂತ ಕೇಳ್ತಾರೆ."

ಇದು ಅವರ ಕಟ್ಟುನಿಟ್ಟು. ಕೆಟ್ಟದ್ದು ಯಾಕೆಂದು ಬುಕ್ಕಿಗೆ ಬೀಳುವ ತನಕ ಅವರು ಯಾವ ಗಾಡಿಯನ್ನೂ ಬಿಟ್ಟುಕೊಡುವುದಿಲ್ಲ. "ಬಾಯ್ಮಾತು ಸಾಯಂಕಾಲಕ್ಕೆ ತಿರುಗ್ತದೆ. ತಪ್ಪೆಲ್ಲಾ ಡ್ರೈವರ್ ತಲೆ ಮೇಲೇ ಬಂದ್ ಕೂರ್ತದೆ" ಎನ್ನುತ್ತಾರೆ.

ಬಸವಲಿಂಗಯ್ಯ ಕೂಲಿಯವರನ್ನು ನೋಡುತ್ತಾರೆ, ಲಾರಿ ಬರಬೇಕಾದ ರಸ್ತೆಯನ್ನು ನೋಡುತ್ತಾರೆ. ಪೆನ್ನು ತೆಗೆಯುತ್ತಾರೆ. ಬರೆದದ್ದನ್ನು ಓಬಳಯ್ಯ ಕ್ಯಾತಪ್ಪನಿಂದಲೇ ಜೋರಾಗಿ ಓದಿಸುತ್ತಾರೆ. "ಯೂನಿಟ್ ತಗಡಿಗೆ ಬಣ್ಣ ಬಳಿಸಿದ್ದರಿಂದ ಮೀಟರ್ ಕೆಲಸ ಮಾಡಿಲ್ಲ. ಇಂಜಿನ್ ಸರಿಯಿದೆ. ಡ್ರೈವರ್ ತಪ್ಪಿಲ್ಲ." ಕೊನೆಯ ಎರಡು ಮಾತಿಗೆ ಕ್ಯಾತಪ್ಪನ ದನಿ ಒಡೆಯುತ್ತದೆ. "ಸರಿಯಾಗ್ ಓದೋ, ಹಿಂದಿರೋರ್ಗೆ ಕೇಳ್ಲಿಲ್ಲ" ಎಂದು ಚಿಕ್ಕಹನುಮಕ್ಕ ಗದರುತ್ತಾರೆ. ಅವನು ಇನ್ನೊಮ್ಮೆ ಓದುತ್ತಾನೆ.

ಆಮೇಲೆ ಬಣ್ಣ ಕೆರೆಯುವುದಕ್ಕೆ, ಬೋಲ್ಟು ಬಿಗಿಯುವುದಕ್ಕೆ ಹತ್ತು ನಿಮಿಷ. ಕ್ಯಾತಪ್ಪ ಸೀಟಿಗೆ ಹತ್ತುತ್ತಾನೆ. ಮೂರು ದಿನ ನಿಂತಿದ್ದ ಗಾಡಿ ಮಣ್ಣು ತಳ್ಳುತ್ತಾ ಏರಿಯತ್ತ ಸಾಗುತ್ತದೆ. ಓಬಳಯ್ಯ ಕೈಗೆ ಮಣ್ಣು ಉಜ್ಜಿ ಎಣ್ಣೆ ತೆಗೆದು ಚೀಲ ಹೆಗಲಿಗೇರಿಸುತ್ತಾರೆ. ಪಾವಗಡದಿಂದ ಇನ್ನೊಂದು ಚೀಟಿ ಬಂದಿದೆ.

"ಏನೋ ನಿನ್ನ ಅದೃಷ್ಟ, ಕೆಟ್ಟಿದ್ದೆಲ್ಲಿ ಅಂತ ಬೇಗ ಸಿಕ್ತು" ಎಂದು ಫೋರ್‌ಮನ್ ಎಲ್ಲರಿಗೂ ಕೇಳುವಂತೆ ನಗುತ್ತಾರೆ. "ಅಲ್ವೇನಯ್ಯಾ?"

ಓಬಳಯ್ಯ ಬಸ್ಸಿನ ರಸ್ತೆ ಹಿಡಿದಾಗಿದೆ.