ಆ ಎರಡು ಪದ ನನ್ನವು

ಯಂತ್ರಕ್ಕೆ ರೋಗಿಯ ಸಂಕಟ ತಿಳಿಯುವುದಿಲ್ಲ ಎಂದು ತುಂಬಿದ ಸಭೆಯಲ್ಲಿ ನಾನು ಸಾಧಿಸಿದ್ದು ಸುಳ್ಳು ಸಾಕ್ಷಿಯಿಂದ. ಎರಡು ವರ್ಷ ಇದನ್ನು ಯಾರಿಗೂ ಹೇಳಲಿಲ್ಲ.

ರಾಯಚೂರಿನ ಒಬ್ಬ ಡಾಕ್ಟರಮ್ಮನ ಕೆಲಸ ಅದು. ದೇವದುರ್ಗ, ಮಾನ್ವಿ ಕಡೆಯ ಸಕ್ಕರೆ ಕಾಯಿಲೆಯವರ ಮಾತನ್ನು ಇದ್ದಂತೆಯೇ ಬರೆದು ಕೃತಕ ಬುದ್ಧಿಮತ್ತೆಗೆ ಕೊಡುವುದು. ಯಾರನ್ನು ಮೊದಲು ನೋಡಬೇಕೆಂದು ಅದು ಸೂಚಿಸುವುದು. ಧ್ವನಿಮುದ್ರಣ ಕೇಳಿ ಬರೆಯುವವನು ನಾನು. ನನಗೋ ಅದರ ಮೇಲೆ ಎಳ್ಳಷ್ಟೂ ನಂಬಿಕೆಯಿಲ್ಲ. ಚರ್ಚಾಸ್ಪರ್ಧೆಗಳಲ್ಲಿ ಬೆಳೆದವನು — ಎದುರಿನವರ ಉದ್ದ ಮಾತನ್ನು ಒಂದೇ ಸಾಲಿಗೆ ಕತ್ತರಿಸುವುದೇ ಜಾಣತನ ಅಂದುಕೊಂಡವನು.

ದೇವದುರ್ಗದ ಕಡೆಯ ಗೂಗಲ್ ಎಂಬ ಹಳ್ಳಿಯ ಶಿವಮ್ಮ ಹೇಳಿದ್ದು: "ಈ ಕಾಲು ನನ್ನವೇ ಅಲ್ಲ ಯಪ್ಪಾ. ಯಾರದೋ ಇಸ್ಕೊಂಡು ನಡದಂಗ ಆಗ್ತದ. ಚಪ್ಲಿ ಕಳಚಿ ಬಿದ್ರೂ ತಿಳಿಯಂಗಿಲ್ಲ."

ನಾನು ಬರೆದದ್ದು: ಕಾಲು ನೋವು.

ಯಂತ್ರ ಆಕೆಯನ್ನು ಪಟ್ಟಿಯ ಕೊನೆಗೆ ತಳ್ಳಿತು. ಆ ಕೆಲಸವನ್ನು ಪರಿಶೀಲಿಸುವ ಸಭೆಯಲ್ಲಿ ಎದ್ದು ನಿಂತೆ. "ಅರ್ಧ ತಾಸು ಮಾತಾಡಿದ ಮುದುಕಿ ನಿಮ್ಮ ಮಷಿನ್‌ಗೆ ಬರೇ 'ಕಾಲು ನೋವು' ಆದ್ಳು ನೋಡ್ರಿ!" ಚಪ್ಪಾಳೆ. ಡಾಕ್ಟರಮ್ಮ ತಲೆ ತಗ್ಗಿಸಿದರು, ಕೆಲಸ ನಿಂತಿತು. ಆ ಎರಡು ಪದ ನನ್ನವೆಂದು ನನಗೆ ಆಗಲೇ ಗೊತ್ತಿತ್ತು. ಗೊತ್ತಿದ್ದೂ — ಕೂತೆ.

ಹೋದ ತಿಂಗಳು ಮಾನ್ವಿಯಲ್ಲಿ ನನ್ನ ಸೋದರಮಾವನ ಪಾದಕ್ಕೆ ಮೊಳೆ ಹೊಕ್ಕಿತ್ತು; ಅವರಿಗೆ ತಿಳಿದೇ ಇರಲಿಲ್ಲ. "ಸಕ್ಕರಿ ಕಾಯಿಲಿ ಹಂಗರೀ. ಸ್ಪರ್ಶ ಸತ್ತ ಕಾಲು, ಕೊಳತ ಮ್ಯಾಲೆ ಗೊತ್ತಾಗ್ತದ" ಅಂದರು ನರ್ಸ್. ಶಿವಮ್ಮ ಹೇಳಿದ್ದೂ ಅದನ್ನೇ ಅಲ್ಲವೇ — ಹಾಗಾದರೆ ಈಗ ಆಕೆಯ ಕಾಲು...

ಡಾಕ್ಟರಮ್ಮನ ಮುಂದೆ ಎಲ್ಲ ಹೇಳಿಬಿಟ್ಟೆ. ಅವರು ಔಷಧಿ ಚೀಲ ಎತ್ತಿಕೊಂಡರು. "ಮೊದಲು ಗಾಡಿ ಹತ್ತು" ಅಂದರು.

ಗೂಗಲ್ ಹಳ್ಳಿಯಲ್ಲಿ ನಾನು ಮೊದಲು ನೋಡಿದ್ದು ಶಿವಮ್ಮನ ಮುಖವನ್ನಲ್ಲ. ಕಾಲು — ಎರಡೂ ಇದ್ದವು. ಹೆಬ್ಬೆರಳಿನಲ್ಲಿ ಒಂದು ಹುಣ್ಣು. ಯಾವಾಗ ಆಯಿತೋ ಆಕೆಗೇ ಗೊತ್ತಿಲ್ಲ. ಡಾಕ್ಟರಮ್ಮ ಒತ್ತಿ, ತೊಳೆದು, ಕೊನೆಗೆ ಅಂದರು: "ಕಾಲು ಉಳೀತದ." ಕಟ್ಟೆಯ ಮೇಲೆ ಕೂತೆ. ಎರಡು ವರ್ಷದ ಉಸಿರು ಅಲ್ಲಿ ಬಿಟ್ಟೆ.

ನಾನು ಮಾಡಿದ್ದನ್ನು ಆಕೆಗೂ ಹೇಳಿದೆ.

"ಅಷ್ಟುದ್ದ ನಾಲಿಗಿ ಇಟ್ಕೊಂಡು ಇದೊಂದು ಹೇಳಾಕ ಎರಡು ವರ್ಷ ಬೇಕಾಯ್ತೇನಲೇ?"

ಯಂತ್ರಕ್ಕೆ ಸಂಕಟ ತಿಳಿಯುತ್ತದೆಯೇ? ನನಗೆ ಈಗಲೂ ಅನುಮಾನವೇ. ಬೇಕಿದ್ದರೆ ವಾದಕ್ಕೆ ಬನ್ನಿ. ಆದರೆ ನಿಂತ ಕೆಲಸ ಮತ್ತೆ ಶುರುವಾಗಿದೆ. ಹಳೆಯ ಧ್ವನಿಮುದ್ರಣಗಳನ್ನೆಲ್ಲ ಮೊದಲಿನಿಂದ ಕೇಳಿ, ಒಂದು ಮಾತೂ ಬಿಡದೆ ಬರೆಯುತ್ತಿದ್ದೇನೆ. ಶಿವಮ್ಮನ ಹೊಸ ಮಾತುಗಳೂ ಸೇರಿವೆ — ನನ್ನನ್ನು ಬೈದದ್ದೂ.