ಹಿಮದ ಕಂಡಿಷನ್ನೂ ಇವರ ಮೊಣಕಾಲೂ

ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ನಮ್ಮ ಡಬ್ಲಿನ್ನಿನ ಕನ್ನಡದವರು ಯಾರೇ ಟಾಹೋ ಬೆಟ್ಟಗಳ ಕಡೆ ಹಿಮದ ಮೇಲೆ ಸ್ಕೀ ಮಾಡಲು ಹೊರಡಲಿ, ಮೊದಲು ಫೋನು ಬರುವುದು ನನ್ನ ಯಜಮಾನರಿಗೆ. ಬೆಳಿಗ್ಗೆ ನಾನು ಕಾಫಿ ಬೆರೆಸುವಷ್ಟರಲ್ಲಿ ಇವರು ರೆಸಾರ್ಟಿನ ಸ್ನೋ ರಿಪೋರ್ಟು ಓದಿ, ಬೆಟ್ಟದ ಮೇಲಿನ ಕ್ಯಾಮೆರಾಗಳನ್ನೆಲ್ಲ ಒಂದು ಸುತ್ತು ನೋಡಿ ಮುಗಿಸಿರುತ್ತಾರೆ. "ಶನಿವಾರ ಬೇಡ ಗುರೂ, ಮೇಲೆಲ್ಲ ಐಸು. ಭಾನುವಾರ ಹತ್ತು ಗಂಟೆ ಮೇಲೆ ಹೋಗಿ, ಬಿಸಿಲಿಗೆ ಸ್ವಲ್ಪ ಮೆತ್ತಗಾಗಿರುತ್ತೆ." ಆ ಧಾಟಿ ಕೇಳಿದರೆ ಹಾಸನದಲ್ಲಿ ಹಿಮದ ಮೇಲೆಯೇ ಹುಟ್ಟಿ ಬೆಳೆದವರೇನೋ ಅನ್ನಬೇಕು.

ಆದರೆ ಈ ಮಹಾನುಭಾವರು ಸ್ಕೀ ಮಾಡಿದ್ದು ಒಂದೇ ದಿನ, ಅದೂ ಅರ್ಧ. ಮಗಳಿಗೆ ಐದು ವರ್ಷವಾಗಿದ್ದಾಗ ಅಪ್ಪ ಮಗಳು ಒಟ್ಟಿಗೆ ಕಲಿಯಲು ಹೋದರು. ಇವರು ಸಮತಟ್ಟು ಜಾಗದಲ್ಲಿ, ಯಾರೂ ತಳ್ಳದೆ, ನಿಂತಲ್ಲೇ ಬಿದ್ದರು. ಮಗಳ ಕ್ಲಾಸಿನ ಪುಟಾಣಿಯೊಂದು ಬಂದು "ಆರ್ ಯೂ ಓಕೆ?" ಎಂದು ಕೈ ಚಾಚಿತು. ಅವತ್ತಿನಿಂದ ಮೊಣಕಾಲು ನೋವು ಶುರು. ಈ ನೋವು ಹಿಮ ಕಂಡಾಗ ಮಾತ್ರ ಬರುತ್ತದೆ. ಭಾನುವಾರ ಎಗರಿ ಎಗರಿ ಬ್ಯಾಡ್ಮಿಂಟನ್ ಆಡುವಾಗ ಎಲ್ಲಿ ಹೋಗಿರುತ್ತದೋ ದೇವರೇ ಬಲ್ಲ. ಇದು ಗೊತ್ತಿದ್ದವಳು ನಾನೊಬ್ಬಳೇ. ಪಾಪ, ಗಂಡನ ಮಾನ ಎಂದು ಬಾಯಿ ಬಿಟ್ಟಿರಲಿಲ್ಲ. ಪ್ರತಿ ವರ್ಷ ಮಗಳು ತಂತಿಯಲ್ಲಿ ತೂಗುವ ಕುರ್ಚಿಯ ಲಿಫ್ಟು ಹತ್ತಿ ಬೆಟ್ಟದ ಮೇಲೆ ಹೋಗುವುದು, ಇವರು ಕೆಳಗಿನ ಲಾಡ್ಜಿನಲ್ಲಿ ಕಿಟಕಿ ಪಕ್ಕ ಕಾಲು ಚಾಚಿ ಕೂರುವುದು. ಕಾಲುನೋವಿನವರನ್ನು ಒಬ್ಬರೇ ಹೇಗೆ ಬಿಡುವುದೆಂದು ನಾನೂ ಫ್ಲಾಸ್ಕು, ಕೋಡುಬಳೆ ಡಬ್ಬಿ ಹಿಡಿದು ಎದುರಿಗೆ ಕೂರುತ್ತಿದ್ದೆ. ಹೀಗೇ ಹನ್ನೆರಡು ಚಳಿಗಾಲ ಕಳೆದವು.

ಹೋದ ಚಳಿಗಾಲ ಮಗಳಿಗೆ ಹದಿನೇಳು. ಫ್ರೀವೇ ಮೇಲೆ ಹೋಗುತ್ತಿದ್ದಾಗ ಹಿಂದಿನ ಸೀಟಿನಿಂದ, "ಅಪ್ಪಾ, ನೆಕ್ಸ್ಟ್ ವಿಂಟರ್ ನಾನು ಕಾಲೇಜಲ್ಲಿರ್ತೀನಿ. ಒನ್ ರನ್, ಅಪ್ಪಾ. ಜಸ್ಟ್ ಒನ್. ವಿತ್ ಮಿ," ಎಂದಳು. ಬೆಟ್ಟದ ಮೇಲಿಂದ ಒಂದೇ ಒಂದು ಸಲ ತನ್ನ ಜೊತೆ ಜಾರಿ ಬಾ ಎಂದು. ಕನ್ನಡದಲ್ಲಿ ಶುರು ಮಾಡಿದ ಮಾತು ಇಂಗ್ಲಿಷಿಗೆ ಜಾರಿದರೆ ಅವಳು ಮನಸ್ಸಿನಿಂದ ಕೇಳುತ್ತಿದ್ದಾಳೆಂದು ಅರ್ಥ.

ಇವರು ಕನ್ನಡಿ ಸರಿಮಾಡಿಕೊಂಡು, "ಕಂಡಿಷನ್ ನೋಡೋಣ ಪುಟ್ಟಾ," ಎಂದರು.

ಅವಳು ಕಿಟಕಿಗೆ ತಲೆಯಾನಿಸಿದಳು. ನನಗೆ ರೇಗಿಹೋಯಿತು. ಹನ್ನೆರಡು ವರ್ಷದಲ್ಲಿ ಇವರಿಗೆ ಒಪ್ಪಿಗೆಯಾದ ಕಂಡಿಷನ್ ಒಂದೂ ಬಂದಿಲ್ಲ. ಒಂದು ಸಲ ಐಸು ಜಾಸ್ತಿ, ಒಂದು ಸಲ ಹೊಸ ಹಿಮ ಜಾಸ್ತಿ, ಏನೂ ಸಿಗದಿದ್ದರೆ ಜನ ಜಾಸ್ತಿ. ಹೆಣ್ಣು ನೋಡಲು ಬಂದ ಗಂಡಿನ ಸೋದರತ್ತೆಯೂ ಇಷ್ಟು ಕೊಂಕು ತೆಗೆಯುವುದಿಲ್ಲ.

ಮರುದಿನ ಬೆಳಿಗ್ಗೆ, ಬಾಡಿಗೆ ಕ್ಯಾಬಿನ್ನಿನಲ್ಲಿ ಉಪ್ಪಿಟ್ಟು ತಿನ್ನುತ್ತಾ, ಇವರು ಅಭ್ಯಾಸಬಲದಿಂದ ರಿಪೋರ್ಟನ್ನು ಗಟ್ಟಿಯಾಗಿ ಓದತೊಡಗಿದರು. "ಮೊನ್ನೆ ಒಳ್ಳೆ ಹಿಮ ಬಿದ್ದಿದೆ. ಮೆಷಿನ್ ಓಡಿಸಿ ನುಣ್ಣಗೆ ಮಾಡಿದಾರೆ. ಗಾಳಿ ಇಲ್ಲ, ಮೋಡ ಇಲ್ಲ, ಎಲ್ಲಾ ಲಿಫ್ಟೂ ಓಪನ್. ಅಬ್ಬಬ್ಬಾ, ಇಂಥ ಕಂಡಿಷನ್ ನಾನು..." ಅಲ್ಲಿಗೆ ಬಾಯಿ ನಿಂತಿತು.

ಮಗಳು ಚಮಚ ಕೆಳಗಿಟ್ಟು, "ಸೋ? ಟುಡೇ, ಅಪ್ಪಾ?" ಎಂದಳು.

ಇವರು ನನ್ನ ಮುಖ ನೋಡಿ, "ಮೊಣಕಾಲು..." ಎಂದು ರಾಗ ಎಳೆದರು.

"ಏನಾಗಿದೆ ಮೊಣಕಾಲಿಗೆ? ಗುಂಡುಕಲ್ಲಿನ ಹಾಗಿದೆ!" ಎಂದುಬಿಟ್ಟೆ.

"ನೀನೂ ಅವಳ ಪಾರ್ಟೀನಾ?"

"ಹೂಂ. ಏಳ್ರೀ ಮೇಲೆ."

ಲಾಡ್ಜಿನ ಕಿಟಕಿಯಲ್ಲಿ ಅವತ್ತು ನಾನೊಬ್ಬಳೇ. ಬೂಟು ಹಾಕಿ ಹೊರಟವರು ಲಿಫ್ಟು ಮುಟ್ಟುವ ಮೊದಲೇ ಎರಡು ಸಲ ಬಿದ್ದರು. ಮಗಳು ಎಬ್ಬಿಸಿದಳು. ಇಬ್ಬರೂ ಮೇಲೇರಿ ಮರೆಯಾದ ಮೇಲೆ ಹೊತ್ತೇ ಹೋಗಲಿಲ್ಲ. ನನ್ನ ಬಾಯಿಗೆ ಬೆಂಕಿ ಹಾಕ, ಯಾಕಾದರೂ ಕಳಿಸಿದೆನೋ ಎಂದು ಶಪಿಸಿಕೊಂಡೆ. ಕೊನೆಗೆ ಇಳಿಜಾರಿನಲ್ಲಿ ಇವರ ಕೆಂಪು ಟೋಪಿ ಕಂಡಿತು. ಮಗಳು ಇವರ ಎರಡೂ ಕೈ ಹಿಡಿದು ಹಿಂಹಿಂದಕ್ಕೆ ಜಾರುತ್ತಿದ್ದಳು. ಇವರು ಸೊಂಟ ಬಗ್ಗಿಸಿ, ಬಾಯಿ ತೆರೆದು, ಅವಳ ಮುಖವನ್ನೇ ನೋಡುತ್ತಾ ಬರುತ್ತಿದ್ದರು. ನನಗೆ ನಗುವೂ ಬಂತು, ಅಳುವೂ ಬಂತು. ಎರಡನ್ನೂ ತಡೆಯಲಿಲ್ಲ.

ಒಳಗೆ ಬಂದಾಗ ಮಗಳ ಕೈಯಲ್ಲಿ ಇನ್ನೊಂದು ಜೊತೆ ಬೂಟಿತ್ತು. "ಅಮ್ಮಾ, ನಿನ್ ಸೈಜ್ ರೆಂಟ್ ಮಾಡ್ಬಿಟ್ಟೆ. ಇನ್ಮೇಲೆ ಅಪ್ಪನ್ನ ನೋಡ್ಕೊಂಡು ಕೂರೋದು ಬೇಡ. ಯುವರ್ ಟರ್ನ್."

ಆ ಲಿಫ್ಟಿನ ಕುರ್ಚಿ ನೆಲ ಬಿಟ್ಟು ಏಳುವುದನ್ನು ನೋಡಿದರೇ ನನಗೆ ಕೈಕಾಲು ತಣ್ಣಗಾಗುತ್ತದೆ. ಹನ್ನೆರಡು ವರ್ಷ ಇವರ ಮೊಣಕಾಲಿನ ಮರೆಯಲ್ಲಿ ನಾನೂ ಬಚ್ಚಿಟ್ಟುಕೊಂಡಿದ್ದೆ ಎಂಬುದು ಆ ಬೂಟು ಕಾಣುವವರೆಗೆ ನನಗೇ ಹೊಳೆದಿರಲಿಲ್ಲ. ಕಿಟಕಿಯಾಚೆ ನೋಡುತ್ತಾ, "ಗಾಳಿ ಎದ್ದ ಹಾಗಿದೆ ಅಲ್ವೇನ್ರೀ?" ಎಂದೆ.

ಬೆಳಗಿನದಕ್ಕೆ ಸೇಡು ತೀರಿಸಿಕೊಳ್ಳಲು ಇವರಿಗೆ ಇದಕ್ಕಿಂತ ಒಳ್ಳೆಯ ಸಮಯ ಸಿಗುತ್ತಿರಲಿಲ್ಲ. ಆದರೆ ಇವರು ಗಾಳಿಯ ಮಾತೇ ಎತ್ತಲಿಲ್ಲ. ತಮ್ಮ ಆ ಪ್ರಸಿದ್ಧ ಮೊಣಕಾಲನ್ನು ಒದ್ದೆ ನೆಲಕ್ಕೂರಿ ಕೂತು, ನನ್ನ ಪಾದವನ್ನು ಬೂಟಿನೊಳಗೆ ತೂರಿಸಿ, ಒಂದೊಂದೇ ಬಕಲ್ಲು ಹಾಕತೊಡಗಿದರು.

"ಬಿಗಿ ಆದ್ರೆ ಹೇಳು," ಎಂದರು.