ಹಲ್ಲು ಕಳೆದುಕೊಂಡ ಹೊಲಿಗೆ ಮೆಷಿನ್

ಎದುರುಮನೆಯ ಟೈಲರ್ ಅಕ್ಕ ಇಪ್ಪತ್ತೆರಡು ವರ್ಷದಲ್ಲಿ ಒಬ್ಬರನ್ನೂ ತನ್ನ ಮೆಷಿನ್ ಮುಟ್ಟಲು ಬಿಟ್ಟವಳಲ್ಲ. ಅಳತೆ ಕೊಡಲು ಹೋದವರು ಹೊಸ್ತಿಲ ಬಳಿಯ ಸ್ಟೂಲು ದಾಟಿ ಒಳಗೆ ಕಾಲಿಡುವಂತಿರಲಿಲ್ಲ. ನಾನಂತೂ ಅವಳ ಬಾಯಿಗೆ ಹೆದರಿ, ಅಂಗಿ ಬಿಗಿಯಾದರೆ ನಾನೇ ದಪ್ಪಗಾಗಿದ್ದೇನೆ ಎಂದು ಒಪ್ಪಿಕೊಂಡು ಬರುತ್ತಿದ್ದೆ.

ಹೊಳೆ ಉಕ್ಕಿ ಬೀದಿಗೆ ನುಗ್ಗಿದಾಗ ಎಲ್ಲರೂ ಮಹಡಿ ಹತ್ತಿ ಜೀವ ಉಳಿಸಿಕೊಂಡೆವು. ಮೂರನೆಯ ದಿನ ನೀರು ಇಳಿಯಿತು. ಅಕ್ಕನ ಮೆಷಿನ್ ಮೊಣಕಾಲುದ್ದ ಕೆಸರಿನಲ್ಲಿ ಮಗುಚಿ ಬಿದ್ದಿತ್ತು.

"ಭಾನುವಾರ ಬರ್ತೀನಮ್ಮ," ಎಂದಳು ಅಕ್ಕನ ಮಗಳು ಫೋನಿನಲ್ಲಿ. "ಮೆಷಿನ್ನೇ ಹೋದ್ಮೇಲೆ ಅಲ್ಲೇನು ಮಾಡ್ತೀಯ? ನಮ್ಮನೇಲೇ ಇದ್ಬಿಡು."

ಮಗಳ ಮನೆಯಲ್ಲಿ ಯಾವುದಕ್ಕೂ ಕೊರತೆಯಿರಲಿಲ್ಲ. ಆದರೆ ಕೆಲಸವಿಲ್ಲದೆ ಕೂತು ತಿನ್ನುವುದು ಅಕ್ಕನಿಗೆ ಆಗದ ಮಾತು. ಮೆಟ್ಟಿಲಲ್ಲಿ ತಲೆ ಮೇಲೆ ಕೈಹೊತ್ತು ಕೂತಿದ್ದಳು.

ಗಡಿಯಾರ ರಿಪೇರಿ ಮಾಡುವ ಅಜ್ಜ ಬಂದು ನೋಡಿದ. "ಇವತ್ತೇ ಬಿಚ್ಚಿ, ಒಂದೊಂದೂ ಒರೆಸಿ ಎಣ್ಣೆ ಹಚ್ಚಿದ್ರೆ ಉಳಿಯುತ್ತೆ. ನಾಳೆ ಅಂದ್ರೆ ತುಕ್ಕು."

ಒಬ್ಬರಿಂದ ಆಗುವ ಕೆಲಸವಲ್ಲ. ಅಕ್ಕ ನಮ್ಮನ್ನೆಲ್ಲ ಒಮ್ಮೆ ನೋಡಿ, ಮೆಟ್ಟಿಲಿಂದ ಎದ್ದು ಒಳಗೆ ಹೋಗಲು ದಾರಿ ಬಿಟ್ಟಳು. ಬೀದಿಯವರು ಮನೆಗಿಷ್ಟು ಎಂದು ಭಾಗಗಳನ್ನು ಹಂಚಿಕೊಂಡೆವು. ನನ್ನ ಪಾಲಿಗೆ ಕೈಚಕ್ರ ಬಂತು. ನಮ್ಮ ಅಡುಗೆಮನೆಯ ಕೆಸರು ಅಲ್ಲೇ ಇರಲಿ ಎಂದು ಚಕ್ರವನ್ನೇ ಉಜ್ಜುತ್ತ ಕೂತೆ.

ಶನಿವಾರ ಬೆಳಿಗ್ಗೆ ಅಜ್ಜ ಎಲ್ಲ ಜೋಡಿಸಿದ. ಅಕ್ಕ ಪೆಡಲ್ ತುಳಿದಳು. ಚಕ್ರ ತಿರುಗಿತು, ಸೂಜಿ ಕುಣಿಯಿತು, ಬಟ್ಟೆ ಮಾತ್ರ ಇದ್ದಲ್ಲಿಂದ ಕದಲಲಿಲ್ಲ. ಅಜ್ಜ ಕನ್ನಡಕ ಏರಿಸಿ ಬಗ್ಗಿದ. ಸೂಜಿಯ ಕೆಳಗೆ ಬಟ್ಟೆಯನ್ನು ಹಿಂದಕ್ಕೆ ತಳ್ಳುವ ಪುಟ್ಟ ಹಲ್ಲುಗಳಿರುತ್ತವಲ್ಲ, ಅವು ಸವೆದು ಕನ್ನಡಿಯಂತೆ ಹೊಳೆಯುತ್ತಿದ್ದವು.

"ಇದು ಯಾರ ಕೈಲಿತ್ತು?"

"ನನ್ನ ಕೈಲೇ," ಎಂದ ನಮ್ಮ ಬೀದಿಯ ಕ್ಷೌರಿಕ. "ತುಂಬಾ ಒರಟಾಗಿತ್ತು. ಎರಡು ದಿನ ಕೂತು ಮಸೆದೆ."

ಒರಟಾದದ್ದನ್ನು ನುಣ್ಣಗೆ ಮಾಡುವುದೇ ಅವನ ಕಸುಬು, ಬೈದು ಏನು ಪ್ರಯೋಜನ. ನಮಗೆ ನಗು ಒತ್ತರಿಸಿ ಬಂತು, ಅಕ್ಕನ ಮುಖ ನೋಡಿ ನುಂಗಿಕೊಂಡೆವು. ಪೇಟೆ ಕಡೆಯ ರಸ್ತೆ ಕೊಚ್ಚಿಹೋಗಿತ್ತು; ಹೊಸ ಹಲ್ಲು ಬರಲು ಹದಿನೈದು ದಿನವಾದರೂ ಬೇಕು. ಮಗಳು ಬರುವುದು ನಾಳೆ. ಕ್ಷೌರಿಕನ ಕಣ್ಣಲ್ಲಿ ನೀರು ತುಂಬಿತು.

ಕಣ್ಣೊರೆಸಿಕೊಂಡು ಅವನು ಮೆಷಿನ್ನಿನ ಆಚೆ ಬದಿಗೆ ಹೋಗಿ ಬಟ್ಟೆಯ ತುದಿ ಹಿಡಿದ. "ನೀವು ತುಳೀರಿ ಅಕ್ಕ, ನಾನು ಎಳೀತೀನಿ."

ಈಗ ಬಿತ್ತು ಬೈಗುಳ ಎಂದು ನಾವು ಹಿಂದೆ ಸರಿದೆವು. ಅಕ್ಕ ತುಳಿದಳು. ಕತ್ತಿ ಹಿಡಿದು ಪಳಗಿದ ಕೈ ಅದು, ಒಂದೇ ಹದದಲ್ಲಿ ಎಳೆಯಿತು. ಹೊಲಿಗೆ ನೆಟ್ಟಗೆ ಬಂತು.

ಭಾನುವಾರ ಮಗಳು ಬರುವ ಹೊತ್ತಿಗೆ ಅಕ್ಕ ಮನೆ ಕಳೆದುಕೊಂಡವರಿಗಾಗಿ ಹೊದಿಕೆ ಹೊಲಿಯುತ್ತಿದ್ದಳು. ಬೇಕರಿಯವನ ಹೆಂಡತಿ ಎಳೆಯುತ್ತಿದ್ದಳು, ಮುಂದಿನ ಸರದಿ ನನ್ನದು.

"ಊಟ ಮಾಡ್ಕೊಂಡು ಹೋಗಮ್ಮ," ಎಂದಳು ಅಕ್ಕ, ತಲೆಯೆತ್ತದೆ. "ನಂಗೆ ಬರೋಕಾಗಲ್ಲ. ಕೈತುಂಬಾ ಕೆಲಸ ಇದೆ."

ಮಗಳು ನಮ್ಮನ್ನೊಮ್ಮೆ, ಅಮ್ಮನನ್ನೊಮ್ಮೆ ನೋಡಿ ಊಟಕ್ಕೆ ಕೈ ತೊಳೆಯಲು ಹೋದಳು. ನನಗಂತೂ ಹೇಳತೀರದ ಖುಷಿ.

ಹೊಸ ಹಲ್ಲು ಬಂದು ಇವತ್ತಿಗೆ ಒಂಬತ್ತು ದಿನ. ಹಾಕಿಕೊಡಲು ಅಜ್ಜ ಮೂರು ಸಲ ಬಂದುಹೋದ. ಮೂರು ಸಲವೂ ಅಕ್ಕ, "ಈ ವಾರ ಪುರುಸೊತ್ತಿಲ್ಲ, ಆಮೇಲೆ ನೋಡೋಣ" ಎಂದು ಟೀ ಕುಡಿಸಿ ಕಳಿಸಿದಳು. ನಾಳೆ ಹತ್ತು ಗಂಟೆಗೆ ಬಟ್ಟೆ ಎಳೆಯಲು ನನಗೆ ಬರಹೇಳಿದ್ದಾಳೆ.